ಗದ್ದದ ಮೊಡವೆಗೆ ಕೊಟ್ಟ ಗುಳಿಗೆ

ಮೂವತ್ತಾರನೆಯ ವಯಸ್ಸಿನಲ್ಲಿ ನನಗೆ ಮೊಡವೆ ಶುರುವಾದವು. ಹದಿನಾರರಲ್ಲಿ ಬಾರದವು ಈಗ್ಯಾಕೆ ಬಂದವೋ. ಬಹಳವೇನಲ್ಲ, ತಿಂಗಳಿಗೆ ನಾಲ್ಕೋ ಐದೋ, ಅದೂ ಗದ್ದದ ಸುತ್ತ. ಮುಟ್ಟಿಗೆ ಒಂದು ವಾರ ಮೊದಲು ಬಂದು, ಮುಟ್ಟು ಮುಗಿದ ಮೇಲೆ ತಾವಾಗಿಯೇ ಒಣಗುತ್ತಿದ್ದವು. ನಾನು ಕೆರೂರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳುತ್ತೇನೆ. "ಟೀಚರ್, ನಿಮ್ಮ ಗದ್ದಕ್ಕ ಏನ್ ಕಡದೈತ್ರಿ?" ಎಂದು ಒಬ್ಬ ಹುಡುಗಿ ಇಡೀ ತರಗತಿಯ ಎದುರು ಕೇಳಿದಳು. ಅವತ್ತು ಸಂಜೆಯೇ ಬಾಗಲಕೋಟೆಯ ನವನಗರದ ಚರ್ಮದ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನನ್ನ ಮುಖ ನೋಡಿದರೋ ಇಲ್ಲವೋ, ಬಾಯಿಪಾಠ ಒಪ್ಪಿಸುವವರಂತೆ ಗಡಗಡನೆ ಹೇಳಿದರು. "ಹಾರ್ಮೋನಿಂದ ಬರ್ತಾವ್ರೀ ಇವು. ಬಿಸಲಾಗ ಅಡ್ಡಾಡಬ್ಯಾಡ್ರಿ. ತಲಿಗೆ ಎಣ್ಣಿ ಬ್ಯಾಡ. ಹಾಲು, ಸಿಹಿ, ಕರದಿದ್ದು ಬಿಡ್ರಿ. ಮೂರು ತಾಸಿಗೊಮ್ಮೆ ಸನ್‌ಸ್ಕ್ರೀನ್ ಹಚ್ಕೋರಿ. ಟೆನ್ಷನ್ ತಗೋಬ್ಯಾಡ್ರಿ."

ಮಾರ್ಚ್ ತಿಂಗಳ ಬಾಗಲಕೋಟೆಯಲ್ಲಿ ಬಿಸಿಲಿಗೆ ಹೋಗಬೇಡಿ ಎನ್ನುವವರು ನನ್ನ ಬದಲು ದಿನಾ ಕೆರೂರಿನ ಬಸ್ಸು ಹತ್ತುತ್ತಾರೇನು? ಆದರೂ ಹೇಳಿದ್ದೆಲ್ಲ ಮಾಡಿದೆ. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಗದ್ದಲದ ನಡುವೆ ಮುಖಕ್ಕೆ ಬೆಳ್ಳಗೆ ಬಳಿದುಕೊಂಡು ನಿಂತೆ. ಮಕ್ಕಳು ಸಾರು ಅನ್ನ ಬಿಟ್ಟು ನನ್ನನ್ನೇ ನೋಡಿದರು. ಎಣ್ಣೆ ಬಿಟ್ಟೆ, ಹಾಲು ಬಿಟ್ಟೆ, ಹೋಳಿಗೆಯನ್ನು ಎದುರಿಗಿಟ್ಟುಕೊಂಡು ಬಿಟ್ಟೆ. ಟೆನ್ಷನ್ ಬಿಡುವುದು ಹೇಗೆಂದು ಮಾತ್ರ ಡಾಕ್ಟರು ಬರೆದುಕೊಟ್ಟಿರಲಿಲ್ಲ. ಎರಡು ತಿಂಗಳಾದರೂ ಮೊಡವೆಗಳು ತಮ್ಮ ವಾರ ತಪ್ಪಿಸಲಿಲ್ಲ.

ಮತ್ತೆ ಹೋದೆ. "ಹಂಗಾರ ಗುಳಿಗಿ ಶುರು ಮಾಡೋಣ. ಮಕ್ಕಳಾಗಬಾರದು ಅಂತ ಕೊಡೋ ಗುಳಿಗಿನ ಇವು, ಮೊಡವಿಗೂ ನಡೀತಾವ. ಇಪ್ಪತ್ತೊಂದು ದಿನ ತಗೋರಿ, ಏಳು ದಿನ ಬಿಡ್ರಿ, ಮತ್ತ ಶುರು ಮಾಡ್ರಿ" ಎಂದರು.

"ಇಷ್ಟು ಸಣ್ಣ ಮೊಡವಿಗೆ ಇಷ್ಟು ದೊಡ್ಡ ಔಷಧ ಬೇಕೇನ್ರಿ?" ಎಂದೆ.

"ಮೊಡವಿ ಹೋಗಬೇಕು ಅಂತ ಬಂದವ್ರು ನೀವ ಅಲ್ಲೇನ್ರಿ?"

ಬಿಪಿ ನೋಡಿದರು, ಚೀಟಿ ಬರೆದರು. ಹೊರಗೆ ಇನ್ನೂ ಹದಿನೈದು ಜನ ಕೂತಿದ್ದರು. ನಮಗೆ ಮಗಳೊಬ್ಬಳಿದ್ದಾಳೆ, ಇನ್ನೊಂದು ಮಗು ನನಗೂ ಗಂಡನಿಗೂ ಬೇಕಿರಲಿಲ್ಲ. ಬೇಡ ಎನ್ನಲು ಕಾರಣ ಹೊಳೆಯದೆ ಗುಳಿಗೆ ತಂದೆ.

ನಮ್ಮ ಮನೆಯ ರೀತಿ ಇಲ್ಲಿ ಹೇಳಬೇಕು. ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕು. ಹೊರಗೆ ಎಂದರೆ ಮುಂದಿನ ಕೋಣೆಯ ಕಿಟಕಿಯ ಕೆಳಗೆ ಒಂದು ಚಾಪೆ, ಒಂದು ತಾಟು, ಒಂದು ತಂಬಿಗೆ. ಶಾಲೆಗೆ ಹೋಗಬಹುದು, ಅಡುಗೆಮನೆಗೂ ದೇವರಮನೆಗೂ ಹೋಗುವಂತಿಲ್ಲ. ಮಕ್ಕಳಿಗೆ ವಿಜ್ಞಾನ ಕಲಿಸುವವಳು ಮನೆಗೆ ಬಂದು ಚಾಪೆಯ ಮೇಲೆ ಕೂರುವುದೇ ಎಂದು ಜೊತೆಯ ಶಿಕ್ಷಕಿಯರು ನಗುತ್ತಾರೆ. ನಗಲಿ. ಆ ಚಾಪೆಯ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಸುಖವೂ ಆಗುತ್ತಿತ್ತು. ಆ ಮೂರು ದಿನ ಚಹಾ ಮಾಡು ಎನ್ನುವವರಿರಲಿಲ್ಲ, ನಾನು ಕಾಲು ಚಾಚಿ ಪುಸ್ತಕ ಹಿಡಿದರೆ ಯಾಕೆ ಎನ್ನುವವರಿರಲಿಲ್ಲ.

ಗುಳಿಗೆಯ ವಿಷಯ ಅತ್ತೆಯವರಿಗೆ ನಾನೇ ಹೇಳಿದ್ದೆ. ಮುಚ್ಚಿಡುವಂಥದ್ದು ಅದರಲ್ಲೇನಿದೆ ಎಂದುಕೊಂಡಿದ್ದೆ. ನನ್ನ ದಡ್ಡತನ. ಮೂರನೆಯ ತಿಂಗಳಿಗೆ ಅವರು ಕೇಳಿದರು, "ಗುಳಿಗಿ ಬಿಟ್ಟ ಮೂರನೇ ದಿನಕ್ಕ ಬರೊಬ್ಬರಿ ಹೊರಗಾಗ್ತೀಯಲ್ಲ, ಬಿಡದಿದ್ರ?"

"ಆಗೂದಿಲ್ಲರಿ" ಎಂದೆ.

ಮರುದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳ ಪಕ್ಕ ಪೆನ್ಸಿಲಿನ ಗೀಟುಗಳು ಬಂದಿದ್ದವು. ಮೊದಲ ಗೀಟು ಮಾವನವರ ಶ್ರಾದ್ಧಕ್ಕೆ. "ಆ ವಾರ ಬಿಡಬ್ಯಾಡ, ಮುಂದಿನ ಪಾಕೀಟು ಶುರು ಮಾಡಿಬಿಡು. ಮಡಿಲೆ ಅಡಿಗಿ ಮಾಡೂದು ನನ್ನ ಮೊಣಕಾಲಿಗೆ ನೀಗೂದಿಲ್ಲ." ಶ್ರಾದ್ಧ ಮುಗಿಯುವಷ್ಟರಲ್ಲಿ ನವರಾತ್ರಿ, ನವರಾತ್ರಿಯ ಹಿಂದೆ ದೀಪಾವಳಿ. ಆಮೇಲೆ ಇಳಕಲ್ಲಿನಲ್ಲಿ ನಾದಿನಿಯ ಮಗನ ಮುಂಜಿವೆ. ಡಾಕ್ಟರಿಗೆ ಫೋನು ಮಾಡಿ ಕೇಳಿದರೆ, "ಒಮ್ಮೊಮ್ಮೆ ಮುಂದ ಹಾಕಿದ್ರ ನಡೀತದ್ರಿ" ಎಂದರು. ನಮ್ಮ ಮನೆಯಲ್ಲಿ ಒಮ್ಮೊಮ್ಮೆ ಎಂದರೆ ಎಷ್ಟು ಸಲ ಎಂದು ಅವರಿಗೇನು ಗೊತ್ತು?

ಮುಖವೇನೋ ನುಣ್ಣಗಾಯಿತು. ಆದರೆ ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುವುದು, ಎದೆ ಭಾರವಾಗುವುದು, ಶಾಲೆಯಲ್ಲಿ ಸುಮ್ಮಸುಮ್ಮನೆ ಅಳು ಬರುವುದು. ಗಂಡನಿಗೆ ಹೇಳಿದೆ, ಈ ಗುಳಿಗೆ ನನಗೆ ಬೇಡವಾಗಿದೆ ಎಂದು. "ಅಮ್ಮನ ಜೋಡಿ ನೀನ ಮಾತಾಡು, ಇದು ಹೆಂಗಸರ ವಿಷಯ" ಎಂದು ಮೊಬೈಲು ಕೈಗೆತ್ತಿಕೊಂಡರು. ಗುಳಿಗೆ ನುಂಗುವವಳು ನಾನು, ಬಿಡಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಎಷ್ಟು ಬೇಗ ಹೀಗಾಯಿತೆಂದು ನನಗೇ ತಿಳಿಯಲಿಲ್ಲ.

ಮಾತಾಡಲು ಹೋದೆ. ಅತ್ತೆಯವರು ಬತ್ತಿ ಹೊಸೆಯುತ್ತ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. "ನಿನ್ನ ಗಂಡನ ಮುಂಜಿವಿಯೊಳಗ ಅವನ ಜೋಡಿ ಊಟಕ್ಕ ಕೂತಾಕಿ ನಾನಲ್ಲ, ಗೊತ್ತದ ಏನು? ಅವತ್ತ ಮುಂಜಾನೆ ಹೊರಗಾದೆ. ಮುಹೂರ್ತ ತಪ್ಪಸಲಿಕ್ಕೆ ಬರೂದಿಲ್ಲ ಅಂದ್ರು. ತಾಯಿ ಕೂಡೋ ಜಾಗಾದಾಗ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಕೂತ್ಲು. ನಾ ಹಿತ್ತಲದಾಗ ನಿಂತು ಊದೋ ಸನಾದಿ ಕೇಳಿದೆ. ಈ ಗುಳಿಗಿ ಆವಾಗ ನನಗ ಯಾರೂ ಕೊಡಲಿಲ್ಲ ನಮ್ಮವ್ವಾ."

ಅವರ ಕೈಯಲ್ಲಿನ ಬತ್ತಿ ಹಾಗೇ ನಿಂತಿತ್ತು. ಅವರು ಜಗಳವಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ತಮಗೆ ಸಿಗದೇ ಹೋದದ್ದನ್ನು ಅಕ್ಕರೆಯಿಂದ ನನಗೆ ಕೊಡುತ್ತಿದ್ದರು. ಅಂಥ ಅಕ್ಕರೆಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ಹೀಗೆ ಒಂದು ವರ್ಷ ದಾಟಿತು. ಸಂಜೆ ದೀಪ ಹಚ್ಚಿದ ಮೇಲೆ ನೀರಿನ ಲೋಟದೊಂದಿಗೆ ಗುಳಿಗೆಯನ್ನು ಅವರೇ ತಂದು ಕೊಡುವುದು ರೂಢಿಯಾಯಿತು. ಕಿಟಕಿಯ ಕೆಳಗಿನ ಚಾಪೆ ಸುತ್ತಿ ಮೂಲೆಯಲ್ಲಿ ನಿಂತಿತ್ತು. ನಾನು ವರ್ಷದ ಎಲ್ಲ ದಿನವೂ ಅಡುಗೆಮನೆಗೆ ಸಲ್ಲುವವಳಾಗಿದ್ದೆ.

ಈ ಶ್ರಾವಣ ಹುಟ್ಟುವ ಮೊದಲು ಡಾಕ್ಟರ ಹತ್ತಿರ ಮತ್ತೆ ಹೋದೆ. ಅವರ ಬಾಯಿಂದಲೇ ನಿಲ್ಲಿಸಿ ಅನ್ನಿಸಿಕೊಂಡು ಬಂದರೆ ಮನೆಯಲ್ಲಿ ಯಾರೂ ಏನೂ ಅನ್ನುವಂತಿಲ್ಲ ಎಂಬ ಆಸೆ. ಹಿಮ್ಮಡಿ ಒಡೆದಿದೆ, ತಾವೂ ತೋರಿಸಿಕೊಳ್ಳುವುದಾಗಿ ಹೇಳಿ ಅತ್ತೆಯವರು ಜೊತೆಗೆ ಬಂದರು. ಡಾಕ್ಟರು ನನ್ನ ಗದ್ದ ನೋಡಿ, "ಛಲೋ ಆಗೇದಲ್ರೀ, ಇನ್ನ ಗುಳಿಗಿ ನಿಲ್ಲಿಸಬೌದು" ಎಂದರು. ಆ ಗಳಿಗೆಯಲ್ಲಿ ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಶ್ರಾವಣ, ಗಣಪತಿ, ನವರಾತ್ರಿ ಮುಗಿಯೂತನಕ ಇರ್ಲಿ ಬಿಡ್ರಿ ಡಾಕ್ಟರ್" ಎಂದರು ಅತ್ತೆಯವರು.

"ನಿಲ್ಲಿಸಿಬಿಡ್ತೇನ್ರಿ, ನನಗ ಹೊಟ್ಟಿ ತೊಳಸ್ತದ" ಎಂದೆ.

"ಅದಕ್ಕೊಂದು ಗುಳಿಗಿ ಬರೀತೇನಿ ತಗೋರಿ" ಎಂದು ಡಾಕ್ಟರು ನಕ್ಕರು. ಮೂರು ತಿಂಗಳಿಗೆ ಬರೆದು ಚೀಟಿಯನ್ನು ಅತ್ತೆಯವರ ಕೈಗೆ ಕೊಟ್ಟರು. ನನ್ನ ಮೈಯ ಚೀಟಿ ನನ್ನ ಮುಂದೆಯೇ ದಾಟಿಹೋಯಿತು. ನಾನು ಪರ್ಸು ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ.

ಶ್ರಾವಣದ ಎರಡನೆಯ ಸೋಮವಾರ ಸಂಜೆ ಅತ್ತೆಯವರು ಎಂದಿನಂತೆ ಗುಳಿಗೆ ತಂದರು. ನನ್ನ ಮಗಳು ಪಕ್ಕದಲ್ಲಿ ಕೂತು ಮನೆಗೆಲಸದ ಲೆಕ್ಕ ಬಿಡಿಸುತ್ತಿದ್ದಳು. ಅವಳಿಗೆ ಹನ್ನೊಂದು, ಇನ್ನೂ ದೊಡ್ಡವಳಾಗಿಲ್ಲ. ಆ ಚಾಪೆಯನ್ನು ಕಂಡರೆ ಅವಳಿಗೆ ಒಳಗೊಳಗೇ ಹೆದರಿಕೆ. ಅಜ್ಜಿ ಅವಳ ಬೆನ್ನು ಸವರಿ ಹೇಳಿದರು, "ನೀ ಹೆದರಬ್ಯಾಡ ಬಂಗಾರಾ. ನೀ ದೊಡ್ಡಾಕಿ ಆದ ಮ್ಯಾಲೆ ನಿನಗೂ ಇದ ಗುಳಿಗಿ ಕೊಡಸ್ತೇನಿ. ಒಂದ ಹಬ್ಬಾನೂ ತಪ್ಪೂದಿಲ್ಲ ನಿನಗ."

"ಖರೇನ ಅಜ್ಜಿ?" ಎಂದು ಮಗಳು ಮುಖವರಳಿಸಿದಳು.

ಅವಳ ಆ ಸಂತೋಷ ನನಗೆ ತಡೆಯಲಾಗಲಿಲ್ಲ. ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಎದ್ದೆ, ಬಚ್ಚಲಿಗೆ ಹೋಗಿ ನೀರಿಗೆ ಬಿಟ್ಟೆ. ಮಂಗಳವಾರವೂ ಹಾಗೇ, ಬುಧವಾರ, ಗುರುವಾರವೂ ಹಾಗೇ. ಎದುರು ನಿಂತು ಒಲ್ಲೆ ಎನ್ನಲಾಗದೆ ಕಳ್ಳಿಯ ಹಾಗೆ ಮಾಡಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಲಕ್ಷ್ಮೀಪೂಜೆ. ಐದು ಜನ ಮುತ್ತೈದೆಯರಿಗೆ ಅತ್ತೆಯವರು ಊಟಕ್ಕೆ ಹೇಳಿದ್ದರು. ಬೆಳಿಗ್ಗೆ ಎದ್ದಾಗ ಹೊರಗಾಗಿದ್ದೆ. ಶಾಲೆಗೆ ಆಗಲೇ ರಜೆ ಹೇಳಿದ್ದೆ. ಸುತ್ತಿಟ್ಟಿದ್ದ ಚಾಪೆಯನ್ನು ಕಿಟಕಿಯ ಕೆಳಗೆ ಹಾಸಿಕೊಂಡು ಕೂತೆ. ಅದೇನು ದೊಡ್ಡ ಬಿಡುಗಡೆಯೆಂದು ನಾನು ಹೇಳುವುದಿಲ್ಲ. ಅಡುಗೆಮನೆಗೆ ಹೋಗಬಾರದೆಂಬ ಕಟ್ಟಿನಿಂದ ಹೋಗಲೇಬೇಕೆಂಬ ಕಟ್ಟಿಗೆ ಬಿದ್ದಿದ್ದೆ, ಈಗ ತಿರುಗಿ ಮೊದಲಿನ ಕಡೆಗೇ ಬಂದಿದ್ದೆ. ಅತ್ತೆಯವರು ಬಾಗಿಲಲ್ಲಿ ಬಂದು ನಿಂತು ನೋಡಿದರು. ಒಳಗೆ ಹೋಗಿ ಕಡಲೆಬೇಳೆ ಕುದಿಯಲು ಇಟ್ಟರು. ಅವರು ಮೊಣಕಾಲು ಹಿಡಿದುಕೊಂಡು ಏಳುವ, ಕೂರುವ ಸದ್ದು ನನಗೆ ಕೇಳುತ್ತಿತ್ತು.

ಮಗಳು ಬಂದು ಚಾಪೆಗೆ ತಾಕದಂತೆ ದೂರ ನಿಂತಳು. "ಅಮ್ಮಾ, ಗುಳಿಗಿ ತಗೋಳೂದು ಮರ್ತಿ ಏನು?"

ಒಳಗೆ ಪಾತ್ರೆಯ ಸದ್ದು ನಿಂತಿತು. ಹೂಂ, ಮರೆತೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸೋಮವಾರದಿಂದ ಮತ್ತೆ ಗುಳಿಗೆ, ಮತ್ತೆ ನೀರಿನ ಲೋಟ.

"ಮರ್ತಿಲ್ಲ" ಎಂದೆ, ಒಳಗೆ ಕೇಳುವ ಹಾಗೆ. "ಬಿಟ್ಟೇನಿ. ಇನ್ನ ತಗೋಳೂದಿಲ್ಲ."

"ಹಂಗಾರ ಹೋಳಿಗಿ ಅಜ್ಜಿ ಒಬ್ಬಾಕಿನ ಮಾಡಬೇಕಾ?"

"ಹೌದು" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಅಜ್ಜಿಗೆ ಸಹಾಯ ಮಾಡಲು ಒಳಗೆ ಓಡಿದಳು.