ಎರಡು ಮನೆಗೊಂದು ಮೋರಿ

ರಾಯದುರ್ಗದಲ್ಲಿ ನಾವು ಹೊಸ ಮನೆ ಕಟ್ಟಿದಾಗ ಪಕ್ಕದವರೂ ಅದೇ ವರ್ಷ ಕಟ್ಟುತ್ತಿದ್ದರು. ಒಂದು ಮೊಳ ಅಗೆದರೆ ಕೆಳಗೆ ಬಂಡೆ. ಬಚ್ಚಲ ನೀರಿಗೆಂದು ಎರಡು ಮೋರಿ ಕೊರೆಸುವ ಬದಲು ಒಂದೇ ಸಾಕು, ಅವರ ನೀರೂ ನಮ್ಮ ಬಚ್ಚಲ ಕೆಳಗೆ ಹಾದು ಬೀದಿಗೆ ಹೋಗಲಿ ಎಂದು ಗಂಡಸರು ಜಗಲಿಯ ಮೇಲೆ ಕೂತು ತೀರ್ಮಾನಿಸಿದರು. ಬೀದಿಯ ಚರಂಡಿ ಮದರಾಸು ಸರ್ಕಾರದ್ದು, ಒಳಗಿನ ಮೋರಿ ನಮ್ಮಿಬ್ಬರದು ಎಂದು ನನ್ನ ಗಂಡ ನಗೆಯಾಡಿದರಂತೆ. ಬಚ್ಚಲು ತೊಳೆಯುವುದು ಗಂಡಸರ ಕೆಲಸವಲ್ಲವಲ್ಲ, ನಗಬಹುದಿತ್ತು.

ಅಂತೆ ಎಂದೆ, ಏಕೆಂದರೆ ಆಗ ನಾನಲ್ಲಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ಮಡಕಶಿರದ ಕಡೆ, ರೊಳ್ಳದ ಹತ್ತಿರದ ತವರಿಗೆ ಹೋಗಿದ್ದೆ. ಗಂಡು ಮಗು. ಗಂಡ ಬಂದು ನೋಡಿಕೊಂಡು ಹೋದರು. ಅತ್ತೆ ಬರಲಿಲ್ಲ. ಮನೆ ಕೆಲಸ ನಡೆದಿದೆ, ಕೂಸು ಹೊಸ ಮನೆಗೇ ಬರಲಿ ಎಂದು ಹೇಳಿ ಕಳಿಸಿದ್ದರು. ಮೂರು ತಿಂಗಳು ತುಂಬುವ ಮೊದಲೇ ಮಗು ಜ್ವರ ಬಂದು ತೀರಿಕೊಂಡಿತು. ನಡುಮನೆಯಲ್ಲಿ, ಮಧ್ಯಾಹ್ನ, ನಾನು ಪಕ್ಕದಲ್ಲೇ ಕೂತಿದ್ದಾಗ. ಹಾಲು ಬತ್ತಲೆಂದು ಅವ್ವ ನನ್ನ ಎದೆಗೆ ಮಲ್ಲಿಗೆ ಹೂ ಕಟ್ಟಿದಳು. ಬತ್ತಿತು ಅಂದುಕೊಂಡೆವು. ಹೊಸ ಮನೆಗೆ ನಾನೊಬ್ಬಳೇ ಬಂದೆ.

ಬಂದ ಮೇಲೆ ಯಾರೂ ಮಗುವಿನ ಮಾತೆತ್ತಲಿಲ್ಲ. ನನಗೂ ಅದೇ ಸರಿಯೆನಿಸಿತು. ದುಃಖವೆಂಬುದೂ ಇರಲಿಲ್ಲ, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಏಳುತ್ತಿದ್ದೆ, ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ. ಕೈ ಸುಟ್ಟರೆ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಗುತ್ತಿತ್ತು. ಒಂದು ಭಯ ಮಾತ್ರ ಇತ್ತು, ಇವರೆಲ್ಲಿ ನನ್ನನ್ನು ತಿರುಗಿ ತವರಿಗೆ ಕಳಿಸಿಬಿಡುತ್ತಾರೋ ಎಂದು. ಆ ನಡುಮನೆಯಲ್ಲಿ ಮತ್ತೆ ಮಲಗುವುದು ನನ್ನಿಂದ ಆಗುತ್ತಿರಲಿಲ್ಲ.

ಪಕ್ಕದ ಮನೆಯ ಮಗಳು ಅಷ್ಟರಲ್ಲಿ ಹೆತ್ತಿದ್ದಳು. ಅವಳ ತಾಯಿ ಕಣೇಕಲ್ಲು ಊರಿನ ಕಡೆಯ ಗಟ್ಟಿ ಗಂಟಲಿನ ಹೆಂಗಸು, ಬಾಣಂತನವನ್ನು ಚೂರೂ ಕಡಿಮೆ ಮಾಡುವವಳಲ್ಲ. ದಿನವೂ ಹಂಡೆಗಟ್ಟಲೆ ಬಿಸಿನೀರು, ಎಣ್ಣೆ, ಕಡಲೆಹಿಟ್ಟು. ಅವರ ಎಣ್ಣೆ ಹಿಟ್ಟು ನಮ್ಮ ಬೂದಿಗೆ ಸೇರಿ ಮೋರಿಯೊಳಗೆ ಗಾರೆಯ ಹಾಗೆ ಕೂತುಬಿಡುತ್ತಿತ್ತು. ನಿಮ್ಮ ಬೂದಿಯಿಂದಲೇ ಹೀಗಾಗುವುದು ಎಂದು ಆಕೆ, ನಿಮ್ಮ ಹಿಟ್ಟಿನಿಂದ ಎಂದು ಅತ್ತೆ. ಬಿದಿರ ದಬ್ಬೆ ಹಾಕಿ ತಿವಿದರೆ ಒಂದೆರಡು ದಿನ ಹರಿಯುತ್ತಿತ್ತು, ಮತ್ತೆ ಕಟ್ಟುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಬಚ್ಚಲ ಕಡೆಯಿಂದ ಬಂದು ನನ್ನ ಮುಂದೆ ನಿಂತರು. "ಯಾವಾಗ ನೋಡಿದ್ರೂ ಮೋರಿ ಕಟ್ಕೊಂಡೇ ಇರ್ತೈತಿ. ಹೋಗಿ ಚೆಂದಗ ನೀರು ಹಾಕಿ ತೊಳಿಯವ್ವ," ಅಂದರು.

ನಮ್ಮೂರಲ್ಲಿ ಮೋರಿ ಎಂಬುದೇ ಇಲ್ಲ, ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಇದ್ದ ಬಾಡಿಗೆ ಮನೆಯಲ್ಲೂ ಹಾಗೆಯೇ. ಇಲ್ಲಿನ ಜಗಳದಲ್ಲೂ ನೀರು ನಿಂತಾವು ಎಂದೇ ಕೂಗುತ್ತಿದ್ದರು, ಮೋರಿ ಎಂಬ ಹೆಸರು ಅಲ್ಲಿಯವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ರಾಯದುರ್ಗದವರು ಮನೆಗೆ ಮನಿ, ಮಳೆಗೆ ಮಳಿ ಅನ್ನುವವರು. ಮೋರಿ ಅಂದರೆ ನಮ್ಮ ಕಡೆಯ ಮೋರೆ, ಅಂದರೆ ಮುಖ, ಎಂದುಕೊಂಡೆ. ಇವರು ಮುಖಕ್ಕೆ ಮಾರಿ ಅನ್ನುತ್ತಾರೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ನನ್ನ ಮೋರೆ ಯಾವಾಗಲೂ ಕಟ್ಟಿಕೊಂಡೇ ಇದೆ ಎಂದರೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ.

ಬಚ್ಚಲಿಗೆ ಹೋಗಿ ಮುಖ ತೊಳೆದೆ. ಚೆಂದಗ ಎಂದಿದ್ದರಲ್ಲ, ಚೊಂಬಿನಲ್ಲಿ ಮೊಗೆದು ಮೊಗೆದು ತೊಟ್ಟಿ ಬರಿದಾಗುವವರೆಗೆ ಸುರಿದುಕೊಂಡೆ. ಕಟ್ಟಿದ ಮೋರಿಯಲ್ಲಿ ಆ ನೀರೆಲ್ಲ ಹಿಂದಕ್ಕೆ ಏರಿ, ಪಕ್ಕದವರ ಬಚ್ಚಲು ತುಂಬಿ, ಬಾಣಂತಿ ಕೋಣೆಯ ಹೊಸ್ತಿಲವರೆಗೆ ಹೋಯಿತು. ಆ ತಾಯಿ ಕೂಗಿಕೊಂಡು ನಮ್ಮ ಮನೆಗೆ ಬಂದಾಗಲೂ ನಾನಿನ್ನೂ ತೊಳೆಯುತ್ತಲೇ ಇದ್ದೆ.

"ಯಾಕವ್ವ, ಏನ್ ಮಾಡಾಕತ್ತಿ?" ಎಂದು ಅತ್ತೆ ಕೇಳಿದರು.

"ನೀವೇ ಹೇಳಿದ್ರಲ್ಲ ಅತ್ತೆ. ಮೋರೆ ತೊಳ್ಕಂತಿದೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೇರೆಯವರ ಬಾಯಲ್ಲಾಗಿದ್ದರೆ ಬೀದಿಯೆಲ್ಲ ನಗುವ ಮಾತು. ಯಾರೂ ನಗಲಿಲ್ಲ. ಪಕ್ಕದಲ್ಲಿ ಕೂಸು ಅಳುವುದನ್ನು ಕೇಳಿ ಕೇಳಿ ಹುಡುಗಿಗೆ ತಲೆ ಕೆಟ್ಟಿದೆ, ಅವರ ಬಾಣಂತನ ಮುಗಿಯುವ ತನಕ ತವರಲ್ಲಿರಲಿ ಎಂದು ಅತ್ತೆ ನಿಶ್ಚಯಿಸಿಬಿಟ್ಟರು. ಬಿಡಿಸಿ ಹೇಳಬಹುದಿತ್ತು. ಖಾಲಿ ತೊಟ್ಟಿಗೆ ನೀರು ತುಂಬಲು ಹೋದೆ.

ಹೊರಡುವ ದಿನ ಬಟ್ಟೆಯ ಗಂಟು ಕಟ್ಟಿಯಾಗಿತ್ತು. ಬಸ್ಸಿನ ತನಕ ಹೋಗಲು ಗಂಡ ಜಟಕಾ ತರಹೋಗಿದ್ದರು. ಗೋಡೆಯಾಚೆಯಿಂದ ಪಕ್ಕದಾಕೆ ಕೂಗಿದಳು. "ಯಕ್ಕಾ, ಮತ್ತ ನೀರು ನಿಂತಾವ್ರಿ. ಕೂಸಿಗೆ ಅರ್ಧ ಎರದು ಹಂಗ ಕುಂತೀನಿ."

ಅತ್ತೆ ದಬ್ಬೆ ಹಿಡಿದು ಬಗ್ಗಿದವರು ನಡು ಹಿಡಿದುಕೊಂಡು ನಿಂತುಬಿಟ್ಟರು. ನಾನು ದಬ್ಬೆ ಇಸಿದುಕೊಂಡೆ. ಅದಕ್ಕೆ ಜಗ್ಗದಿದ್ದಾಗ ತೋಳನ್ನೇ ಒಳಗೆ ಇಳಿಬಿಟ್ಟೆ. ಬೂದಿ, ಕೂದಲು, ಹಿಟ್ಟಿನ ಉಂಡೆ ಹಿಡಿಹಿಡಿಯಾಗಿ ಬಂದವು. ಹೇಸಿಗೆಯೂ ಆಗಲಿಲ್ಲ. ಕೊನೆಗೆ ಏನೋ ಸಡಿಲವಾಗಿ ನೀರು ಒಮ್ಮೆಲೇ ನುಗ್ಗಿತು.

ಬೆಚ್ಚಗಿತ್ತು. ಅರಿಶಿನ, ಹರಳೆಣ್ಣೆ, ಎಳೆಮಗುವಿನ ಮೈಯ ವಾಸನೆ. ಆಚೆ ಕೂಸು ಅಳುತ್ತಿತ್ತು. ನನ್ನ ಕುಪ್ಪಸ ಒದ್ದೆಯಾಗುತ್ತಿರುವುದು ಮೋರಿಯ ನೀರಿನಿಂದಲ್ಲ ಎಂದು ತಿಳಿಯಲು ಹೊತ್ತು ಹಿಡಿಯಿತು. ಬತ್ತಿತು ಅಂದುಕೊಂಡಿದ್ದ ಹಾಲು ಅದು. ನನಗೆ ವಿಪರೀತ ನಾಚಿಕೆಯಾಯಿತು. ಎಷ್ಟೋ ದಿನದ ಮೇಲೆ ನನಗೆ ಏನಾದರೂ ಅನಿಸಿದ್ದು ಅದೇ ಮೊದಲು.

ಅತ್ತೆ ನೋಡಿದರು. ತಮ್ಮ ಸೆರಗನ್ನು ನನ್ನ ಎದೆಗೆ ಹಿಡಿದು, ಗೋಡೆಯ ಕಡೆ ತಿರುಗಿ, "ನೀರು ಹೋದ್ವು, ಎರಿರಿ," ಅಂದರು. ಹೊರಗೆ ಜಟಕಾ ಬಂದು ನಿಂತ ಸದ್ದಾಯಿತು. ಅಲ್ಲಿಂದಲೇ ಮಗನಿಗೆ, "ಗಾಡಿ ವಾಪಸ್ ಕಳಿಸಪ್ಪ, ಯಾರೂ ಹೋಗಂಗಿಲ್ಲ," ಎಂದು ಹೇಳಿದರು. ಆಮೇಲೆ ಬಚ್ಚಲ ಕಲ್ಲಿನ ಮೇಲೆ, ಆ ಕೊಚ್ಚೆಯಲ್ಲೇ, ನನ್ನ ಪಕ್ಕಕ್ಕೆ ಕೂತರು.

"ನಾ ನೋಡ್ಲೇ ಇಲ್ಲ," ಅಂದರು. ನನ್ನ ತೋಳಿಗಂಟಿದ ಹಿಟ್ಟು ತೊಳೆಯುತ್ತ, "ಹೆಂಗಿತ್ತವ್ವ ಕೂಸು?" ಎಂದು ಕೇಳಿದರು.

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಬೇಕಾಯಿತು.

"ಅವ್ರ ಥರಾನೇ ಇತ್ತು ಅತ್ತೆ. ಕಿವಿ ಮಾತ್ರ ನಿಮ್ಮವು."

ಅತ್ತೆ ಒದ್ದೆ ಕೈಯಲ್ಲೇ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು.