ಜ್ವರಕ್ಕೆ ಅವರು ಪನಿ ಅಂದರು

ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸುವುದು ನಿಂತು ಕೆಲವು ವರ್ಷಗಳಾಗಿದ್ದವು. ಆ ವಿಷದಿಂದ ಕಾಯಿಲೆಬಿದ್ದ ಮಕ್ಕಳಿಗಾಗಿ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆಯ ಶಾಲೆಯೊಂದರಲ್ಲಿ ಉಚಿತ ಶಿಬಿರ ಏರ್ಪಾಡಾಯಿತು. ನಡೆಸುವವರು ಕೇರಳದ ತೆಂಕಣ ಜಿಲ್ಲೆಯ ಒಂದು ಸೇವಾಸಂಸ್ಥೆಯವರು. ಬೋರ್ಡು, ಮೈಕು, ಮಾತು ಎಲ್ಲ ಮಲಯಾಳದಲ್ಲೇ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಗಡಿಯಾಚೆ ಕರ್ನಾಟಕದ ವಿಟ್ಲದ ಕಡೆಯಿಂದ ಮದುವೆಯಾಗಿ ಬಂದವಳು. ಮನೆಯಲ್ಲಿ ತುಳು, ಹೊರಗೆ ಕನ್ನಡ. ಮಲಯಾಳ ಅವಳಿಗೆ ಒಗ್ಗಿರಲಿಲ್ಲ. ಅವಳ ಮಗಳಿಗೆ ಎಂಟು ವರ್ಷ ತುಂಬಿದರೂ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ನಾನೂ ಹೋದೆ. ಒಬ್ಬರೇ ಒಳಗೆ ಹೋಗಬೇಕೆಂದು ಸಂಘಟಕ ನನ್ನನ್ನು ಬಾಗಿಲಲ್ಲೇ ತಡೆದ. ಮಗುವನ್ನು ಅತ್ತಿಗೆಯ ಕೈಗೆ ಕೊಟ್ಟು ನಾನು ಕಿಟಕಿಯ ಬಳಿ ನಿಂತೆ.

"ಪನಿ ಉಂಡೋ?" ಎಂದರು ಡಾಕ್ಟರು.

ಪನಿ ಉಂಟಾ ಎಂದು ಕೇಳಿದ್ದು. ಮಲಯಾಳದಲ್ಲಿ ಪನಿ ಅಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ಅತ್ತಿಗೆ ಅಂಗಳದ ಬಿಸಿಲು ನೋಡಿ "ಇಜ್ಜಿ" ಎಂದಳು. ಇಲ್ಲ ಎಂದು ತಲೆಯನ್ನೂ ಆಡಿಸಿದಳು. ಡಾಕ್ಟರು ಮಗುವನ್ನು ಮುಟ್ಟದೆಯೇ ಚೀಟಿ ಬರೆಯತೊಡಗಿದರು.

ನಾನು ಸಂಘಟಕನನ್ನು ದೂಡಿಕೊಂಡೇ ಒಳನುಗ್ಗಿದೆ. "ಮಗುವಿಗೆ ಮೊನ್ನೆಯಿಂದ ಜ್ವರ ಉಂಟು. ಅವಳಿಗೆ ನಿಮ್ಮ ಪ್ರಶ್ನೆಯೇ ಅರ್ಥವಾಗಲಿಲ್ಲ" ಎಂದು ನನಗೆ ಬಂದಷ್ಟು ಮಲಯಾಳದಲ್ಲಿ ಹೇಳಿದೆ.

ಸಂಘಟಕ ನನ್ನ ಹಿಂದೆಯೇ ಬಂದ. "ಕೇರಳದ ಅನ್ನ ತಿಂದು ಮಲಯಾಳ ಕಲಿಯದಿದ್ದರೆ ಅದು ನಮ್ಮ ತಪ್ಪಾ?"

"ಅನ್ನ ನಮ್ಮ ಗದ್ದೆಯದ್ದು. ನಿಮ್ಮನ್ನು ಇಲ್ಲಿಗೆ ಕರೆದವರು ಯಾರು?"

"ಧರ್ಮಕ್ಕೆ ಸಿಗುವಾಗ ಇಷ್ಟು ಜೋರಾ?"

ಡಾಕ್ಟರು ನಮ್ಮಿಬ್ಬರನ್ನೂ ನೋಡಲಿಲ್ಲ. ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಮುಖ ಬಿಗಿದುಕೊಂಡು, ಕೂಡಲೇ ಕಾಸರಗೋಡಿಗೆ ಒಯ್ಯಿರಿ ಎಂದರು. ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಿಗೆ ಒದ್ದಾಡಿ ಮಗು ಉಳಿಯಿತು.

ಮುಂದಿನ ಶಿಬಿರಕ್ಕೆ ಮೊದಲು ಅದೇ ಸಂಘಟಕ ನಮ್ಮ ಅಂಗಳಕ್ಕೆ ಬಂದ. ಕ್ಷಮೆ ಕೇಳಲಿಲ್ಲ. ಭಾಷೆ ಬಲ್ಲವರು ಬೇಕಿತ್ತಂತೆ. ನಾನು ಕೂರಲು ಹೇಳಲಿಲ್ಲ. ಬೋರ್ಡಿನಲ್ಲಿ ಕನ್ನಡ ಇರಬೇಕು, ಮೈಕಿನಲ್ಲಿ ತುಳುವೂ ಕೇಳಬೇಕು, ಒಬ್ಬೊಬ್ಬ ಡಾಕ್ಟರ ಪಕ್ಕ ಊರಿನ ಒಬ್ಬೊಬ್ಬರು ಕೂರಬೇಕು ಎಂದೆ. "ಮಾಡುವ" ಎಂದು ಗೊಣಗಿ ಹೊರಟ.

ಹೇಳಿದಂತೆ ಮಾಡಿದ. ನಾನು ದಿನವಿಡೀ ತಾಯಂದಿರ ಮಾತನ್ನು ಡಾಕ್ಟರಿಗೆ ದಾಟಿಸಿದೆ. ಅವನು ಎಲ್ಲರಿಗೂ ಚಹಾ ಕೊಡಿಸಿದ, ನನ್ನ ಮೇಜು ಬಿಟ್ಟು.

ಅತ್ತಿಗೆ ಮಾತ್ರ ಬರಲಿಲ್ಲ. "ಆ ಜನದ ಮುಖ ಪುನಃ ನೋಡುವುದು ಎಂತಕ್ಕೆ? ಬಸ್ಸಿಗೆ ನೇತಾಡಿಕೊಂಡಾದರೂ ನಾನು ಮಂಗಳೂರಿನ ಆಸ್ಪತ್ರೆಗೆ ಹೋಗ್ತೇನೆ" ಎಂದಳು. ಹಾಗೆಯೇ ಹೋಗುತ್ತಿದ್ದಳು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು.