ಬಾವಿಯ ಸೊಸೆಗೆ ನಾನು ಕಟ್ಟಿದ ಕೊನೆ

ಆ ಪುಸ್ತಕ ಬಿಡಿಸಿದರೆ ಈಗಲೂ ಹೊಸದಾಗಿ ಬಣ್ಣ ಬಳಿದ ಕಬ್ಬಿಣದ ಗೇಟಿನ ವಾಸನೆ ಬರುತ್ತದೆ. ಮಕ್ಕಳ ಚಿತ್ರಪುಸ್ತಕ. ರಟ್ಟಿನ ಮೇಲೆ ಪ್ರಶಸ್ತಿ ಬಂದದ್ದಕ್ಕೆ ಒಂದು ಚಿನ್ನದ ಬಣ್ಣದ ಚೀಟಿ. ಇದರಲ್ಲಿ ಮಣ್ಣಿನ ವಾಸನೆ ಇದೆಯೆಂದು ಪ್ರಶಸ್ತಿ ಕೊಟ್ಟವರು ಬರೆದಿದ್ದರು. ಅವರು ಯಾವ ಮಣ್ಣು ಮೂಸಿದ್ದರೋ...

ಒಳಗಿನ ಕತೆ ನಮ್ಮ ಪಕ್ಕದ ಮನೆಯ ದೊಡ್ಡವ್ವನದು. ಹೋದ ಕಾರ್ತಿಕದಲ್ಲಿ ಆಕೆ ತೀರಿಕೊಂಡಳು. ದಂಡಿನಶಿವರದ ಹತ್ತಿರದ ನಮ್ಮೂರಿನಲ್ಲಿ ಕೊಬ್ಬರಿ ಬಿಡಿಸುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯ ಕರಟವನ್ನು ಮಚ್ಚಿನಿಂದ ಮೆಲ್ಲಗೆ ತಟ್ಟಿ ಬಿಡಿಸಿದರೆ, ಒಳಗಿನ ಗಿಟುಕು, ಅಂದರೆ ಇಡೀ ಕೊಬ್ಬರಿ, ಒಂದು ಗೀರೂ ಇಲ್ಲದೆ ಚೆಂಡಿನಂತೆ ಉರುಳಿ ಬರುತ್ತಿತ್ತು. ಸುತ್ತ ನಾಲ್ಕೈದು ಹೆಂಗಸರು, ನಡುವೆ ಆಕೆಯ ಕತೆ. ಆದರೆ ಕತೆಯ ಕೊನೆಯನ್ನು ಆಕೆ ಅದೇ ದಿನ ಹೇಳುತ್ತಿರಲಿಲ್ಲ.

"ಇವತ್ತೇ ಮುಗಿಸ್ಬುಟ್ರೆ ನಾಳೆ ಕೆಲ್ಸಕ್ಕೆ ಬತ್ತೀರೇನ್ರೇ? ನನಗ್ಗೊತ್ತಿಲ್ವಾ ನಿಮ್ ಬುದ್ಧಿ!" ಎಂದು ಮಚ್ಚು ಒರೆಸಿಡುತ್ತಿದ್ದಳು. ಮಾರನೆಯ ದಿನ ಮೊದಲ ಕಾಯಿ ಕೈಗೆತ್ತಿಕೊಂಡ ಮೇಲೆಯೇ ಕೊನೆ.

ಬೆಂಗಳೂರಿನಿಂದ ಚಿತ್ರ ಬರೆಯುವವಳೊಬ್ಬಳು ಕತೆ ಹುಡುಕಿಕೊಂಡು ಬಂದಳು. ಶಾಲೆಯ ಮೇಷ್ಟ್ರಾದ ನಾನೇ ದೊಡ್ಡವ್ವನ ಅಂಗಳಕ್ಕೆ ಕರೆದೊಯ್ದೆ. ಪುಸ್ತಕದಲ್ಲಿ ನನ್ನ ಹೆಸರೂ ಬಂದೀತೆಂಬ ಚಪಲ. ಅಂದು ದೊಡ್ಡವ್ವ ಹೇಳಿದ್ದು ಅತ್ತೆ ಬಾವಿಗೆ ನೂಕಿದ ಸೊಸೆಯ ಕತೆ. ಸೊಸೆ ಸಾಯುವುದಿಲ್ಲ. ಬಾವಿಯ ಪೊಟರೆಯಲ್ಲಿ ಪಾರಿವಾಳಗಳ ಜೊತೆ ಬದುಕುತ್ತಾಳೆ. ಗಂಡನಿಗೆ ಗೊತ್ತಾಗಿ ಹಗ್ಗ ಇಳಿಬಿಡುತ್ತಾನೆ. ಅಲ್ಲಿಗೆ ಕಾಯಿಯ ರಾಶಿ ಮುಗಿಯಿತು.

"ಆಮೇಲೇನಾಯ್ತು ಅಜ್ಜಿ?" ಎಂದಳು ಚಿತ್ರದವಳು, ಮೊಬೈಲು ಹಿಡಿದೇ.

"ನಾಳೀಕ್ ಬಾ ತಾಯಿ. ನೀನೂ ನಾಲ್ಕ್ ಕಾಯಿ ಬಿಡ್ಸು, ಹೇಳ್ತೀನಿ."

ಅವಳಿಗೆ ನಾಳೆ ಎಲ್ಲಿತ್ತು? ತಿಪಟೂರಿನಲ್ಲಿ ಸಂಜೆಯ ರೈಲು ಹಿಡಿಯಬೇಕಿತ್ತು. ಬಸ್ಸಿಗೆ ಕಾಯುವಾಗ ಕೊನೆಯನ್ನು ನನ್ನ ಕೇಳಿದಳು. ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೆ, ಮರೆತಿದ್ದೆ. ಹಗ್ಗ ಹಿಡಿಯುವ ಮೊದಲು ಸೊಸೆ ಗಂಡನನ್ನು ಏನೋ ಒಂದು ಮಾತು ಕೇಳುತ್ತಿದ್ದಳು... ಏನದು? ಗೊತ್ತಿಲ್ಲ ಎನ್ನಲು ಮೇಷ್ಟ್ರಿಗೆ ನಾಚಿಕೆ. ಸೊಸೆ ಹತ್ತಿ ಬಂದಳು, ಅತ್ತೆ ಕಾಲಿಗೆ ಬಿದ್ದಳು, ಎಲ್ಲರೂ ಒಟ್ಟಿಗೆ ಹೋಳಿಗೆ ಉಂಡರು ಎಂದು ಕಟ್ಟಿ ಹೇಳಿದೆ. ಅವಳಿಗೆ ಬಹಳ ಇಷ್ಟವಾಯಿತು.

ಪುಸ್ತಕ ಬಂತು. ಬಾವಿಯ ತುಂಬ ತಾವರೆ. ಸೊಸೆ ಈಜಲು ಇಳಿದವಳಂತೆ ನಗುತ್ತಾಳೆ. ಕೊಬ್ಬರಿ ಬಿಡಿಸುವ ಅಜ್ಜಿಯ ಕೈಯಲ್ಲಿ, ದೇವರ ಮುಂದೆ ಒಡೆದಂಥ ಎರಡು ಹಸಿ ಹೋಳು! ಅರ್ಧ ದಿನ ಎದುರಿಗೇ ಕೂತು ಇಷ್ಟನ್ನೂ ನೋಡದ ಕಣ್ಣಿಗೆ ಪ್ರಶಸ್ತಿ. ಕೊನೆಯ ಪುಟದಲ್ಲಿ ದೊಡ್ಡವ್ವ 'ಹಳ್ಳಿಯ ಒಬ್ಬ ಅಜ್ಜಿ'. ನನ್ನ ಹೆಸರು ಮಾತ್ರ ಸ್ಪಷ್ಟವಾಗಿತ್ತು.

ದೊಡ್ಡವ್ವನಿಗೆ ಓದಿ ಹೇಳಿದೆ. ಚಿತ್ರ ನೋಡಿ ಸೆರಗು ಬಾಯಿಗಿಟ್ಟು ನಕ್ಕಳು. "ಯಾರ್ಲಾ ಇವ್ಳು? ಗಿಟುಕ್ನ ಹಿಂಗ್ ಹೋಳ್ ಮಾಡೋಳ್ನ ಯಾರ್ಲಾ ಕೂಲಿಗ್ ಕರೀತಾರೆ?"

ಹೋಳಿಗೆಯ ಪುಟಕ್ಕೆ ಬಂದಾಗ ನಗು ನಿಂತಿತು.

"ಇದ್ನ ಯಾರ್ ಹೇಳಿದ್ದು?"

"ಅವ್ರೇ ಮಾಡ್ಕೊಂಡಿರ್ಬೇಕು" ಎಂದೆ, ತಲೆಯೆತ್ತದೆ. "ನಿಜವಾದ್ದು ಹೇಳು ದೊಡ್ಡವ್ವ."

ನನ್ನ ಮುಖ ನೋಡಿ, ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು. "ಅಚ್ಚಾಗೈತಲ್ಲಪ್ಪ, ಅದೇ ಇರ್ಲಿ ಬುಡು."

ಆಮೇಲೆ ಆ ಕತೆಯನ್ನು ಆಕೆ ಯಾರಿಗೂ ಹೇಳಲಿಲ್ಲ. ಹಿಂದೆ ಕೇಳಿದ್ದ ಹೆಂಗಸರಿಗೂ ಆ ಕೊನೆ ಸರಿಯಾಗಿ ನೆನಪಿರಲಿಲ್ಲ.

ಚಿತ್ರದವಳನ್ನು ಹೀಗಳೆಯುವುದು ಸುಲಭ, ಎಷ್ಟೋ ದಿನ ಹೀಗಳೆದೆ. ಅವಳು ನೋಡದೆ ಕೆಡಿಸಿದಳು. ನಾನು ಆ ಅಂಗಳದಲ್ಲೇ ಆಡಿ ಬೆಳೆದವನು...

ಮೊನ್ನೆ ದೊಡ್ಡವ್ವನ ಸೊಸೆ ತನ್ನ ಮಗಳನ್ನು ಕರೆದುಕೊಂಡು ಬಂದಳು. "ಮೇಷ್ಟ್ರೇ, ಆ ಬಾವಿ ಕತೆ ಕೊನೇನ ನಮ್ಮತ್ತೆ ನಿಮಗೇನಾದ್ರೂ ಹೇಳಿದ್ರಾ? ಇವ್ಳು ದಿನಾ ಕೇಳ್ತಾಳೆ."

"ಇಲ್ಲ ಕಣವ್ವ" ಎಂದೆ. "ಪುಸ್ತಕದಾಗಿರೋದು ನಾನು ಕಟ್ಟಿದ ಸುಳ್ಳು."

ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ಅತ್ತೆಗೆ ಅವತ್ತೇ ಗೊತ್ತಾಗಿತ್ತು ಬುಡಿ. 'ಅವ್ನಾಗೇ ಬಂದು ಒಪ್ಕಳ್ಳಿ, ಅವತ್ತು ಹೇಳ್ತೀನಿ' ಅಂತಿದ್ರು."

ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ದೊಡ್ಡವ್ವ ಮೂರು ವರ್ಷ ಕಾದಿದ್ದಳು.